ಮಡಿಸಿದ ಬೆರಳು

ನೆನೆದ ಅವರೆಕಾಳು ಬೆರಳ ಸಂದಿಯಿಂದ ಜಾರಿ ತಟ್ಟೆಗೆ ಟಪ್ ಎಂದು ಬಿತ್ತು, ಸಿಪ್ಪೆ ಮಾತ್ರ ಮುನಿಲಕ್ಷ್ಮಮ್ಮನ ಕೈಯಲ್ಲಿ ಉಳಿಯಿತು, ಇನ್ನೊಂದು ಕಾಳು, ಮತ್ತೊಂದು, ಸಾರಿಗೆ ಇಷ್ಟು ಬೇಳೆ ಸಾಲದು — ಒಳಗೆ ಮೊಮ್ಮಗಳು ಗಗನಾ ಕಾಲೇಜಿನ ಸೆಮಿನಾರಿಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಳೆ, ಅವೇನೋ ಸಮುದ್ರದ ಹಕ್ಕಿಗಳಂತೆ, ಬಂಡೆಯ ಮೇಲೆ ಮೈಗೆ ಮೈ ತಾಗಿಸಿ ಸಾವಿರಗಟ್ಟಲೆ ಕೂರುತ್ತವಂತೆ, ಥೇಟ್ ನಮ್ಮ ವಠಾರ ಕಣಜ್ಜಿ ಎಂದು ನಗುತ್ತಾಳೆ, ಚಾಮರಾಜಪೇಟೆಯ ಈ ವಠಾರದಲ್ಲೂ ಗೋಡೆಗೆ ಗೋಡೆ ಅಂಟಿದ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಆ ನಲ್ಲಿಯ ಕಡೆ ಮಾತ್ರ ಈಗ ನೋಡಬಾರದು. ಮೀನು ಸಿಗೋ ವರ್ಷ ಅಪ್ಪ ಅಮ್ಮ ಸರದಿ ಮೇಲೆ ಮರಿ ಕಾಯ್ತವಜ್ಜಿ, ಒಂದು ಹೋದ್ರೆ ಇನ್ನೊಂದು ಇರತ್ತೆ, ಸಮುದ್ರ ಬಿಸಿಯಾಗಿ ಮೀನು ಕಮ್ಮಿ ಆಯ್ತು ಅನ್ಕೋ, ಎರಡೂ ಹೋಗ್ಲೇಬೇಕು, ಮರಿ ಒಂದೇ ಉಳಿಯತ್ತೆ. ಹದ್ದು ಎತ್ಕೊಂಡೋಯ್ತದೇನೇ, ಎಂದು ಕೇಳಿದ್ದು ತಾನೇ, ಸುಮ್ಮನಿರಬಾರದಿತ್ತೇ. ಹದ್ದಲ್ಲಜ್ಜಿ, ಪಕ್ಕದಲ್ಲಿ ಕೂತಿರೋವೇ ಕುಕ್ತವೆ, ತಲೆ ಮೇಲೆ, ಕುಕ್ಕಿ ಕುಕ್ಕಿ ಬಂಡೆಯಿಂದ ಕೆಳಕ್ಕೆ ತಳ್ಬಿಡ್ತವೆ.

ಕೈ ನಿಂತಿತು, ಬೆರಳು ಕಾಳಿನ ಮೇಲೆ ಮಡಿಸಿದಂತೆಯೇ ನಿಂತಿತು — ಊರಲ್ಲಿ ತಾಯಿ ಸತ್ತ ಮರಿಯನ್ನು ಬೇರೆ ಕೋಳಿಯ ಮಕ್ಕರಿಯೊಳಗೆ ಬಿಟ್ಟರೆ ಆ ಕೋಳಿ ಮರಿಯ ನೆತ್ತಿಗೇ ಕುಕ್ಕುತ್ತಿತ್ತು, ಅವ್ವ ಮಕ್ಕರಿ ಎತ್ತಿ, ಥೂ ನಿನ್ ಜನ್ಮಕ್ಕೆ ಎಂದು ಕೋಳಿಗೆ ಬೈಯುತ್ತಿದ್ದಳು, ಆ ಅವ್ವ ಇವತ್ತು ಬೆಳಗ್ಗೆ ನಲ್ಲಿಯ ಹತ್ತಿರ ಇದ್ದಿದ್ದರೆ — ಎದುರು ಮನೆಯ ಶಶಿಕಿರಣ್ ದುಡಿಯುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿತು, ಈಗ ಅವನು ಕಲಾಸಿಪಾಳ್ಯದಲ್ಲಿ ಮೂಟೆ ಇಳಿಸುತ್ತಾನೆ, ಅದೂ ಸಾಲದೆ ಹೆಂಡತಿ ಯಮುನಾ ನಸುಕಿಗೇ ಮಾರ್ಕೆಟ್ಟಿಗೆ ಹೂ ಕಟ್ಟಲು ಹೋಗುತ್ತಾಳೆ, ಹೋಗುವಾಗ ದಿನವೂ ಬಾಗಿಲಲ್ಲಿ ನಿಂತು, ಅಮ್ಮ, ಅಕ್ಷಯಾ ಒಬ್ಳೇ ಇದಾಳೆ, ಸ್ವಲ್ಪ ನೋಡ್ಕೊಳಿ, ಹೂಂ ಹೋಗ್ಬಾರಮ್ಮ ನಾನಿಲ್ವಾ, ದಿನವೂ ಅದೇ ಮಾತು, ನಾನಿಲ್ವಾ — ನೀರು ಬರುವ ದಿನ ಮೊದಲು ಕೊಡ ಇಟ್ಟವರದು ಮೊದಲ ಪಾಳಿ, ಆ ಪುಟ್ಟ ಮಗು ಅಕ್ಷಯಾಗೇನು ಗೊತ್ತು, ನೀರು ಹಿಡಿದಿಡು ಎಂದು ಅಮ್ಮ ಹೇಳಿದ್ದಳು, ತನ್ನ ಬಿಂದಿಗೆಯನ್ನು ಮುನಿಲಕ್ಷ್ಮಮ್ಮನ ಕೊಡ ಸರಿಸಿ ಇಟ್ಟಿತು, ಪಕ್ಕದ ಮನೆಯ ಪಾರ್ವತಮ್ಮ ಆಗಲೇ ಅದರ ಕಿವಿ ಹಿಂಡಿದ್ದಳು, ಹೇಳೋರಿಲ್ಲ ಕೇಳೋರಿಲ್ಲ ನೋಡಿ ಇದಕ್ಕೆ, ಎಲ್ಲರೂ ನಕ್ಕರು, ತಾನೂ ನಕ್ಕು, ಬೆರಳು ಮಡಿಸಿ ನೆತ್ತಿಗೆ ಮೊಟಕಿದ್ದು, ಟಕ್, ಇನ್ನೊಂದು ಸಲ, ಟಕ್. ಯಮುನಾ ಮನೆಯಲ್ಲಿದ್ದ ಕಾಲದಲ್ಲಿ ಆ ಮಗುವಿನ ಮೇಲೆ ಯಾರಾದರೂ ಕೈ ಮಾಡಿದ್ದುಂಟೇ, ಇಲ್ಲ, ಅದೇ ತಲೆಗೆ ಎಣ್ಣೆ ಹಚ್ಚಿದ್ದೂ ತನ್ನ ಇದೇ ಕೈ. ಮಗು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು, ಬಿಂದಿಗೆ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಿತು.

ಗೇಟು ಕಿರುಗುಟ್ಟಿತು, ಯಮುನಾ ಬಂದಳು, ಎದುರು ಬಾಗಿಲಿಂದ ಮಗು ಓಡಿ ಬಂದು ಅವಳ ಸೆರಗು ಹಿಡಿಯಿತು, ಅಮ್ಮ, ನಿಮಗೆ ಅಂತ ಒಂದು ಮೊಳ ಕನಕಾಂಬರ ಎತ್ತಿಟ್ಕೊಂಡ್ ಬಂದೆ, ಗಲಾಟೆ ಮಾಡಿದ್ಲಾ ಇವ್ಳು, ಇಲ್ಲ ಕಣಮ್ಮ, ಬಂಗಾರದಂಥಾ ಮಗು, ನಾಲಿಗೆ ಹೇಗೆ ಹೊರಳಿತೋ, ಮಗು ಸೆರಗಿನ ಮರೆಯಿಂದ ನೋಡುತ್ತಿದೆ, ಹೇಳಿಬಿಡುತ್ತದೆ, ಹೇಳಲಿ, ತಾನೇ ಹೇಳಿಬಿಡಲೇ, ಹೇಳಿದರೆ ಯಮುನಾ ನಾಳೆ ನಸುಕಿಗೆ ಯಾರ ಬಾಗಿಲಲ್ಲಿ ನಿಂತಾಳು, ತಲೆಯನ್ನಾದರೂ ಸವರೋಣ, ಬಾ ಪುಟ್ಟಿ, ಎಂದು ಕೈ ಚಾಚಿದಳು — ಮಗು ಎರಡೂ ಕೈ ನೆತ್ತಿಯ ಮೇಲಿಟ್ಟುಕೊಂಡು ಕುಗ್ಗಿತು, ಯಮುನಾ ಮಗುವನ್ನು ನೋಡಿದಳು, ಆಮೇಲೆ ಚಾಚಿದ ಕೈಯನ್ನು, ಕಾಳು ಹಿದುಕಿ ಹಿದುಕಿ ಮರಗಟ್ಟಿದ ಬೆರಳು, ನೀಡಿದರೂ ನೆಟ್ಟಗಾಗದು, ಮಡಿಸಿದ ಹಾಗೆಯೇ, ಮಡಿಸಿದ ಹಾಗೆಯೇ —