ಅರವತ್ತನಾಲ್ಕನೆಯ ಮುಚ್ಚಳ

ಹೇಳುವಂಥ ವಿಷಯವೇ ಅಲ್ಲ ಇದು, ಹೇಳಹೊರಟದ್ದಕ್ಕೆ ಕ್ಷಮೆ ಇರಲಿ ಎಂದು ಅವನು ಒಳಗೊಳಗೇ ಯಾರಿಗೋ ಕೈಮುಗಿಯುತ್ತಿದ್ದ, ಯಾರಿಗೆ ಎಂದು ಅವನಿಗೇ ತಿಳಿಯದು, ಬಸ್ಸಿನ ಮುಂದಿನ ಸೀಟಿನಲ್ಲಿ ಹೆಂಗಸೊಬ್ಬಳ ಹೆಗಲಿಗೊರಗಿ ಮಲಗಿದ ಕೂಸಿನ ತಲೆಗೆ ಕೆಂಪು ಟೋಪಿ, ದುಂಡಗೆ, ಬಿಗಿಯಾಗಿ, ಕಿವಿ ಮುಚ್ಚುವ ಹಾಗೆ — ಅವನನ್ನು ಕಾಡುತ್ತಿದ್ದದ್ದೂ ಅಂಥದೇ ಕೆಂಪಿನ ಒಂದು ಪ್ಲಾಸ್ಟಿಕ್ ಮುಚ್ಚಳ, ಅಷ್ಟೆ, ಅಂಗೈಯಲ್ಲಿ ಅಡಗುವಷ್ಟು, ಹೊಗೆ ಕಂಡರೆ ಕೂಗಬೇಕಾದ ಡಿಟೆಕ್ಟರಿಗೆ ಮೊದಲೇ ತೊಡಿಸಿ ಕಳಿಸುತ್ತಾರೆ, ಚಾವಣಿ ಕೊರೆಯುವಾಗ ಧೂಳು ಒಳಹೋಗದಿರಲಿ ಎಂದು, ಕೆಲಸ ಮುಗಿದ ಮೇಲೆ ತೆಗೆಯಬೇಕು, ತೆಗೆಯದೆ ಬಿಟ್ಟರೂ ಅದರ ಪುಟ್ಟ ದೀಪ ಮಿನುಗುತ್ತಲೇ ಇರುತ್ತದೆ, ಕೆಳಗಿನ ಪ್ಯಾನೆಲ್ ಎಲ್ಲ ಸರಿಯಿದೆ ಎನ್ನುತ್ತಲೇ ಇರುತ್ತದೆ, ಹೊಗೆ ಮಾತ್ರ ಒಳಗೆ ಹೋಗುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿದ ಕಾವಲುಗಾರ ಕಣ್ರೋ ಅದು, ಎಂದಿದ್ದರು ಸಂಜೆ ಕ್ಲಾಸಿನ ಮೇಷ್ಟ್ರು, ಅವನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದ, ದಿನವಿಡೀ ಏಣಿ ಹೊತ್ತು ಬಂದು ತೂಕಡಿಸುತ್ತಲೇ ಗೆರೆ ಎಳೆದವನು, ನೀಟಾಗಿ, ಸ್ಕೇಲ್ ಇಟ್ಟು. ಈ ಬೆಳಿಗ್ಗೆ ಮಗಳು ಮೂರು ಕೆಂಪು ಮುಚ್ಚಳಗಳನ್ನು ನೆಲದ ಮೇಲೆ ಅಂಗಾತ ಇಟ್ಟು, ಇದು ಅಮ್ಮಂಗೆ, ಇದು ಅಜ್ಜಿಗೆ, ಇದು ನಂಗೆ, ಅಪ್ಪಂದೆಲ್ಲಿ, ಎಂದಳು. ಯಾವುದೋ ಹಳೆಯ ಕೆಲಸದಲ್ಲಿ ಕೆಟ್ಟುಹೋದ ನಾಲ್ಕು ಡಿಟೆಕ್ಟರುಗಳವು, ಯಾರಿಗೂ ಬೇಡವಾದವು, ಅವಳಿಗೆ ಅವೇ ಟೀ ಲೋಟ, ಒಳಗೆಲ್ಲ ಕಂದು ಕ್ರೇಯಾನ್ ತಿಕ್ಕಿ ತಿಕ್ಕಿ ಟೀ ತುಂಬಿಸಿಟ್ಟಿದ್ದಾಳೆ, ಇದು ಆರೋದೇ ಇಲ್ಲ ಅಪ್ಪಾ, ಎಂದು ಶನಿವಾರ ಒಂದನ್ನು ಅವನ ಊಟದ ಚೀಲಕ್ಕೆ ಹಾಕಿದ್ದಳು, ಕೆಲಸದಲ್ಲಿ ಸುಸ್ತಾದಾಗ ಕುಡಿ ಎಂದು. ಎಲ್ಲೋ ಬಿದ್ದಿರಬೇಕು ಪುಟ್ಟಾ ಎಂದ. ನೀವು ಏನನ್ನೂ ಬೀಳಿಸೋರಲ್ವಲ್ಲ, ಎಂದಳು ಹೆಂಡತಿ ಒಲೆಯ ಕಡೆಯಿಂದ ತಿರುಗದೆ, ಹೊಗಳಿಕೆಯಾಗಿಯೇ ಹೇಳಿದ್ದು, ಅದೇ ನಾಟಿತು.

ಬಿದ್ದಿರಲಿಲ್ಲ, ಅದು ಸೂಪರ್‌ವೈಸರ್ ಮೇಜಿನ ಡ್ರಾಯರಿನಲ್ಲಿದೆ, ಉಳಿದ ಅರವತ್ತಮೂರರ ಜೊತೆ. ಕಂಪನಿಯವರು ಸಂಬಳ ತೆಗೆದು ಪಾಯಿಂಟ್ ಲೆಕ್ಕ ತಂದು ಎರಡು ವರ್ಷವಾಯಿತು, ಒಂದು ಡಿಟೆಕ್ಟರ್ ಒಂದು ಪಾಯಿಂಟ್, ಏಣಿ ನಿನ್ನದು, ಡ್ರಿಲ್ ಬಿಟ್ ನಿನ್ನದು, ಬಸ್ ಚಾರ್ಜು ನಿನ್ನದು, ರೇಟು ನಿಂತಲ್ಲೇ ನಿಂತಿದೆ, ಬಾಡಿಗೆಗೆ ಮಾತ್ರ ಕಾಲು ಬಂದಿದೆ. ದುಡಿದದ್ದಕ್ಕೆ ಸಾಕ್ಷಿ ಮುಚ್ಚಳ, ತೆಗೆದವನ್ನೆಲ್ಲ ಮೇಜಿನ ಮೇಲೆ ಸುರಿಯಬೇಕು, ಸೂಪರ್‌ವೈಸರ್ ಹತ್ತು ಹತ್ತರ ಗೋಪುರ ಕಟ್ಟುತ್ತಾನೆ, ಒಂದು ಕಡಿಮೆ ಬಂದರೂ ಇಡೀ ಕಟ್ಟಡದ ಬಿಲ್ಲು ನಿಲ್ಲುತ್ತದೆ, ಮರುತಪಾಸಣೆ ಆಗಬೇಕು, ಹತ್ತು ದಿನ, ಹದಿನೈದು ದಿನ, ನಮ್ಮಲ್ಲಿ ಟೋಪಿ ತರಬೇಕು ಕಣಯ್ಯಾ, ಹಾಕಬಾರದು, ಎಂದು ಪ್ರತಿ ಸಲವೂ ಅದೇ ತಮಾಷೆ, ಪ್ರತಿ ಸಲವೂ ಕೆಲಸದವರು ನಗಬೇಕು. ಆರು ಗೋಪುರ, ಪಕ್ಕದಲ್ಲಿ ಬಿಡಿ ಮೂರು. ಶನಿವಾರ ಕೆಲಸ ಮುಗಿಸಿದ ವೃದ್ಧಾಶ್ರಮಕ್ಕೆ ಹಾಕಿದ್ದು ಅರವತ್ತನಾಲ್ಕು. ಚೀಲದಲ್ಲಿ ಸರಿಯಾಗಿ ನೋಡು, ಎಂದ ಸೂಪರ್‌ವೈಸರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮಾರನೆಯ ದಿನ ಭಾನುವಾರ, ಮನೆ ಮಾಲೀಕರು ಬರುವವರು, ಎರಡು ತಿಂಗಳು ಸುಮ್ಮನಿದ್ದೆ, ಮೂರನೇದಕ್ಕೆ ಬೀಗ ತಂದಿರ್ತೀನಿ, ಎಂದು ಅವನ ತಾಯಿಯ ಎದುರಿಗೇ ಹೇಳಿ ಹೋಗಿದ್ದರು, ತಾಯಿ ಆ ದಿನ ಊಟ ಬಿಟ್ಟಿದ್ದಳು, ಹಸಿವಿಲ್ಲಪ್ಪ ಎಂದು. ಕೈ ಊಟದ ಚೀಲಕ್ಕೆ ಹೋಯಿತು, ಅವನು ಕಳಿಸಲಿಲ್ಲ, ಅದೇ ಹೋಯಿತು — ಸುಳ್ಳು, ಅವನೇ ಕಳಿಸಿದ, ತಿಳಿದೂ ತಿಳಿದೂ. ಸೂಪರ್‌ವೈಸರ್ ಅದನ್ನು ತಿರುಗಿಸಿ ನೋಡಿದ, ಇದೇನಯ್ಯ ಒಳಗೆ ಕಂದು ಬಣ್ಣ. ಮಣ್ಣು ಸಾರ್, ಎಂದ ಅವನು. ಮಣ್ಣು ಎಂದ, ಮಗಳ ಆರದ ಟೀಯನ್ನು, ಅರೆಕ್ಷಣವೂ ತಡವರಿಸದೆ. ದುಡ್ಡು ಬಂತು, ಮಾಲೀಕರು ಬಂದರು, ಎಣಿಸಿಕೊಂಡು ನಗುತ್ತಾ ಹೋದರು, ತಾಯಿ ಎರಡು ಸಲ ಬಡಿಸಿಕೊಂಡು ಉಂಡಳು.

ನಿಜವಾದ ಅರವತ್ತನಾಲ್ಕನೆಯದು ಕಳೆದಿರಲೂಬಹುದು, ಮುಚ್ಚಳ ಕಳೆಯುವುದೇನು ಹೊಸದೇ, ಮಂಚದ ಕೆಳಗೆ ಉರುಳಿರಬಹುದು, ಕಸದ ಬುಟ್ಟಿ ಸೇರಿರಬಹುದು — ಒಂದೊಂದಕ್ಕೂ ಸ್ಪ್ರೇ ಡಬ್ಬಿಯಿಂದ ಹೊಗೆ ಬಿಟ್ಟು ಪರೀಕ್ಷೆ ಮಾಡಿದ್ದರೆ ಈಗ ಹೀಗೆ ಲಟಿಕೆ ಮುರಿಯುತ್ತ ಕೂರಬೇಕಿರಲಿಲ್ಲ, ಡಬ್ಬಿ ಎರಡನೆಯ ಮಹಡಿಯಲ್ಲೇ ಖಾಲಿಯಾಯಿತು, ಇನ್ನೊಂದು ಕೊಳ್ಳಬೇಕಾದರೆ ಅರ್ಧ ದಿನದ ದುಡಿಮೆ, ಅದೂ ನಿನ್ನದೇ, ಮೂರನೆಯ ಮಹಡಿಯ ಪಟ್ಟಿಗೆ ಅವನು ಸುಮ್ಮನೆ ಟಿಕ್ ಹಾಕಿದ್ದ, ನೀಟಾಗಿ, ಒಂದರ ಕೆಳಗೊಂದು. ಬಸ್ಸು ವೃದ್ಧಾಶ್ರಮದ ತಿರುವಿನಲ್ಲಿ ವಾಲಿತು. ಇಂದಿನ ಕೆಲಸ ಇನ್ನೂ ಮೂರು ಸ್ಟಾಪು ಆಚೆ, ಬಟ್ಟೆ ಅಂಗಡಿ, ಒಂಬತ್ತು ಪಾಯಿಂಟು, ತಪ್ಪಿಸಿದರೆ ಅದು ಇನ್ನೊಬ್ಬನ ಪಾಲು. ಮೂರನೆಯ ಮಹಡಿಯ ಆ ಅಜ್ಜಿ, ಹಾಸಿಗೆಯ ಮೇಲೆ ಧೂಳು ಬೀಳದಿರಲೆಂದು ಅವನೇ ಹೊದಿಸಿದ ಹಳೆ ಸೀರೆಯ ಕೆಳಗಿನಿಂದ ಮುಖ ಮಾತ್ರ ಹೊರಗಿಟ್ಟು, ಅದು ರಾತ್ರಿಯೆಲ್ಲ ನೋಡ್ಕೊಂಡಿರುತ್ತೇನಪ್ಪಾ, ಎಂದು ಕೇಳಿದ್ದಳು. ನೋಡ್ಕೊಂಡಿರುತ್ತೆ ಅಜ್ಜಿ. ಹಾಗಾದ್ರೆ ನಾನು ಕಣ್ಮುಚ್ಚಬಹುದು. ಅಷ್ಟರಲ್ಲಿ ಅವಳ ಊಟದ ತಟ್ಟೆ ಬಂತು, ಅವನು ಗಡಬಡಿಸಿ ಏಣಿ ಇಳಿದ, ಅಲ್ಲೇ, ಅಲ್ಲೇ ಬಿಟ್ಟಿರಬೇಕು, ಆಮೇಲೆ ಎರಡು ರಾತ್ರಿ ಕಳೆದವು, ಅವಳು ಕಣ್ಮುಚ್ಚಿದ ಎರಡು ರಾತ್ರಿ. ಇಳಿಯುವುದಿಲ್ಲ ಎಂದುಕೊಂಡೇ ಅವನು ಎದ್ದು ನಿಂತಿದ್ದ, ಇಳಿಯುವುದಿಲ್ಲ ಎಂದುಕೊಂಡೇ ಇಳಿದ, ಬಸ್ಸು ಹೋಯಿತು, ಕೂಸಿನ ಕೆಂಪು ಟೋಪಿ ಕಿಟಕಿಯಲ್ಲಿ ಒಂದು ಚುಕ್ಕೆಯಾಗಿ ಹೋಯಿತು.

ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ತಲೆಯೆತ್ತಿದರೆ ಬಿಳೀ ಡಿಟೆಕ್ಟರ್, ಬರಿಯದು, ಮುಚ್ಚಳವಿಲ್ಲ, ಒಂದು ಉಸಿರು ಬಿಟ್ಟ, ಎರಡನೆಯ ಉಸಿರು ಅರ್ಧದಲ್ಲೇ ನಿಂತಿತು, ಇಲ್ಲಲ್ಲದಿದ್ದರೆ ಮತ್ತೆಲ್ಲಿ. ನಿನ್ನ ಕಣ್ಣು ಚೆನ್ನಾಗಿ ಕಾಯ್ತಿದೆಯಪ್ಪಾ, ಎಂದಳು ಅಜ್ಜಿ ನಗುತ್ತಾ, ಅವನಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಯಾರನ್ನು ಹುಡುಕ್ತಿದ್ದೀರಿ, ಎಂದು ನರ್ಸಮ್ಮ ಹಿಂದೆ ಬಂದು ನಿಂತಳು, ಏನೋ ಮರೆತು ಹೋಗಿದ್ದೆ, ಸ್ಕ್ರೂ ಡ್ರೈವರ್, ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದ, ಒಂದರ ಮುಚ್ಚಳ ತೆಗೆದಿಲ್ಲ ಅನ್ಸುತ್ತೆ ಸಿಸ್ಟರ್, ಯಾವುದು ಅಂತ ಗೊತ್ತಿಲ್ಲ, ಅದು ಹಾಗೇ ಇದ್ರೆ ಹೊಗೆ ಬಂದ್ರೂ ಕೂಗಲ್ಲ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಇನ್ನು ಭಯ ಇಲ್ಲ, ಮಲಗಿ ಅಂತ ನಾನೇ ಎಲ್ಲರಿಗೂ ಹೇಳಿದೀನಿ, ಎಂದಳು ಮೆಲ್ಲಗೆ, ಹೇಳಿ, ಅವನ ಮುಂದೆ ಮುಂದೆ ಒಂದೊಂದೇ ಬಾಗಿಲು ತೆಗೆಯುತ್ತಾ ನಡೆದಳು, ಬಿಳಿ, ಬಿಳಿ, ಅಡುಗೆಮನೆಯಲ್ಲಿ ಬಿಳಿ, ಮೆಟ್ಟಿಲ ತಿರುವಿನಲ್ಲಿ ಬಿಳಿ, ಸ್ನಾನಕ್ಕೆ ಹೊರಟ ತಾತನೊಬ್ಬ ಏನಪ್ಪಾ ಮೇಲೆ ಹಲ್ಲಿ ಏನಾದ್ರೂ ಇದೆಯಾ ಎಂದು ತಾನೂ ಕತ್ತೆತ್ತಿ ನೋಡಿದ, ಅರವತ್ತಮೂರು ಬಿಳಿ. ಉಳಿದದ್ದು ಅಜ್ಜಿಯ ಕೋಣೆಗೆ ಗೋಡೆ ಹಂಚಿಕೊಂಡ ಬಟ್ಟೆ ಕೋಣೆ, ಹಾಸಿಗೆ, ಹೊದಿಕೆ, ಇಸ್ತ್ರಿ ಪೆಟ್ಟಿಗೆ, ಬೀಗ, ಕೀ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಬರುವುದು ನಾಳೆ. ಅವನು ಫೋನ್ ತೆಗೆದ, ಸೂಪರ್‌ವೈಸರ್ ನಂಬರು ಒತ್ತಿದ.

— ಸಾರ್, ಶನಿವಾರದ್ದು ಮಣ್ಣಲ್ಲ ಸಾರ್. ಟೀ.

— ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡಿದ್ದೀಯೇನಯ್ಯಾ?

ಇಲ್ಲ ಸಾರ್ ಎಂದು ಶುರುಮಾಡಿ ಎಲ್ಲ ಹೇಳಿದ, ಲೋಟ, ಊಟದ ಚೀಲ, ಟಿಕ್ಕು, ಬೀಗ ಹಾಕಿದ ಕೋಣೆ, ಆ ಕಡೆಯಿಂದ, ಅಲ್ಲೇ ಇರು, ಎಂದಷ್ಟೇ, ಫೋನ್ ಕಟ್ಟಾಯಿತು, ಅಲ್ಲೇ ಇರು ಎಂದರೆ ಬರುತ್ತೇನೆ ಎಂದೋ, ಇನ್ನು ಇತ್ತ ಬರಬೇಡ ಎಂದೋ. ನರ್ಸಮ್ಮ ಕುರ್ಚಿ ತಂದು ಕೊಟ್ಟಳು, ಅವನು ಅದರ ಮೇಲೆ ಹತ್ತಿ ಬಾಗಿಲ ಮೇಲಿನ ಮಸುಕು ಗಾಜಿಗೆ ಹಣೆ ಒತ್ತಿದ, ಒಳಗೆ ಅರೆಗತ್ತಲು, ಬಟ್ಟೆಯ ರಾಶಿಗಳು ಮಲಗಿದ ಜನರ ಹಾಗೆ, ಚಾವಣಿಯಲ್ಲಿ ದುಂಡಗೆ ಏನೋ, ಕೆಂಪಗೆ ಏನೋ, ಡಿಟೆಕ್ಟರಿನ ದೀಪವೂ ಕೆಂಪೇ ತಾನೆ, ದೀಪವಾದರೆ ಬಂದು ಹೋಗಬೇಕು, ಮುಚ್ಚಳವಾದರೆ ನಿಂತೇ ಇರಬೇಕು, ಅವನು ರೆಪ್ಪೆ ಬಡಿಯದೆ ನೋಡಿದ, ಮಿನುಗಿತು, ಹೋಯಿತು, ಹೋದ ಮೇಲೂ ಕೆಂಪು ಉಳಿಯಿತೇ ಇಲ್ಲವೇ, ಉಳಿದದ್ದು ಗಾಜಿನಾಚೆಯೋ ತನ್ನ ಕಣ್ಣಿನೊಳಗೋ, ಮಿನುಗಿತು, ಹೋಯಿತು, ಗೋಡೆಯಾಚೆ ಅಜ್ಜಿ ಕೆಮ್ಮಿದಳು, ಮಿನುಗಿತು — ನಿಂತದ್ದೋ ಬಂದು ಹೋದದ್ದೋ ಅವನಿಗೆ ಗೊತ್ತಾಗಲಿಲ್ಲ, ಕೆಂಪಗೆ, ದುಂಡಗೆ, ಮಗಳ ಲೋಟದ ಹಾಗೆ ಅಂಗಾತ, ಒಳಗೆ ಕಂದು ಟೀ.