ಒಂದು ‘ಸ’ಕಾರದ ತಕರಾರು

ಎಲ್ಲಿಂದ ಶುರು ಮಾಡಲಿ? ಮಿಕ್ಸಿ ಹುಟ್ಟಿದಲ್ಲಿಂದ ಅಂದರೆ ನೀವು ಪುಟ ಮಗುಚುತ್ತೀರಿ. (ನಾನಾದರೂ ಅಷ್ಟೇ.) ಬಾಯಲ್ಲೇ ಗರಗರ ಬೀಟ್ ಹಾಕುತ್ತಿದ್ದವನಿಗೆ ಪಕ್ಕದ ಮನೆಯ ಆಂಟಿ ಇಟ್ಟ ಹೆಸರು ಅದು. ಈಗ ಪೋಸ್ಟರಿನಲ್ಲೂ ಅದೇ ಇದೆ.

೧. ಅವನಿಗೆ ಹೆಸರು ತಂದ ರ‍್ಯಾಪ್ ಸಾಲು: “ನಂಗೆ ಹತ್ತು, ಅಪ್ಪ ಸತ್ತ, ಸುತ್ತಮುತ್ತ ಕತ್ತಲು.” ಜನ ಇದಕ್ಕೆ ಹುಚ್ಚೆದ್ದು ಕುಣಿಯುತ್ತಾರೆ. ತೊಂದರೆ ಒಂದೇ, ಅಪ್ಪ ಸತ್ತಿಲ್ಲ. ಊರಿನವರ ನಲ್ಲಿ ರಿಪೇರಿ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಇವತ್ತು ಸಂಜೆಯ ಶೋಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದಾರೆ.

೨. (ಮೊದಲ ಡ್ರಾಫ್ಟಿನಲ್ಲಿ ಮಿಕ್ಸಿಯನ್ನು ಹಸಿ ಸುಳ್ಳುಗಾರ ಅಂತ ಬರೆದಿದ್ದೆ. ಅವನು ಮುಖ ಊದಿಸಿಕೊಂಡ. ಹರಿದು ಹಾಕಿದೆ.) ಅವನು ಬರೆದದ್ದು ‘ಅಪ್ಪ ಅತ್ತ’ ಅಂತ. ವಿಡಿಯೊಗೆ ಸಾಲು ಟೈಪ್ ಮಾಡಿದವನ ಕೈಯಲ್ಲಿ ‘ಅ’ ಹೋಗಿ ‘ಸ’ ಬಂತು. ಗಮನಿಸುವಷ್ಟರಲ್ಲಿ ಲಕ್ಷ ಜನ ನೋಡಿಯಾಗಿತ್ತು. ಮಿಕ್ಸಿ ತೆಪ್ಪಗಿದ್ದ, ಆಮೇಲೆ ತಾನೂ ‘ಸತ್ತ’ ಅಂತಲೇ ಹಾಡತೊಡಗಿದ. ಪ್ರಾಸಕ್ಕೇನೂ ಧಕ್ಕೆಯಿರಲಿಲ್ಲ.

೩. ಅಮ್ಮ ತೀರಿಕೊಂಡ ವಾರ. ಒಂದು ಹನಿ ಸೋರಿದರೂ ಎದ್ದು ಹೋಗಿ ಬಿಗಿ ಮಾಡುವ ಅಪ್ಪ ಒಂದು ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ನಲ್ಲಿ ಬಿಟ್ಟಿದ್ದರು. ಹತ್ತು ವರ್ಷದ ಮಗ ಹೊರಗೆ ನಿಂತಿದ್ದ.

೪. ಮುಕ್ತಾಯ ಒಂದು: ಮಿಕ್ಸಿ ‘ಸತ್ತ’ ಅನ್ನುತ್ತಾನೆ, ಚಪ್ಪಾಳೆ. ಬೇಡ, ಅಪ್ಪನ ಎದುರಿಗೆ ನಾಲಿಗೆ ಹೊರಳಲ್ಲ ಅಂದ ಅವನು. ಮುಕ್ತಾಯ ಎರಡು: ‘ಅತ್ತ’ ಅನ್ನುತ್ತಾನೆ. ಅದಕ್ಕೆ ಅಪ್ಪನನ್ನು ಕೇಳಬೇಕು ಅಂದ. ನನ್ನ ಪ್ಲಾನಿನಲ್ಲಿ ಇರದಿದ್ದರೂ ಸ್ಟೇಜಿನ ಹಿಂದಕ್ಕೆ ಅವರನ್ನು ಕರೆಸಿ ಎಲ್ಲವನ್ನೂ ಹೇಳಿಬಿಟ್ಟ.

ಅಪ್ಪ ಅಲ್ಲಿದ್ದ ವಾಶ್‌ಬೇಸಿನ್ನಿನ ನಲ್ಲಿಯನ್ನೇ ನೋಡಿದರು. “ಸತ್ತ ಅಂತಾನೇ ಇರ್ಲಿ ಬಿಡೋ. ಅತ್ತ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ.”

ಹೊರಟವರು ಬಾಗಿಲಲ್ಲಿ ತಿರುಗಿದರು. “ನಲ್ಲಿ ಬಿಟ್ಟಿದ್ನಲ್ಲೋ. ನಿಂಗೆ ಹೇಗೆ ಕೇಳಿಸ್ತು?”

೫. (ಐದನೆಯದು ಇರಲಿಲ್ಲ. ಅಪ್ಪನಿಂದಾಗಿ ಬಂತು.) ಬೀಟ್ ಓಡುತ್ತಿದೆ. ಮಿಕ್ಸಿ “ನಂಗೆ ಹತ್ತು, ಅಪ್ಪ” ಅಂದವನು ನಿಲ್ಲಿಸಿದ್ದಾನೆ. ಸಾವಿರ ಜನ ‘ಸ’ ಅನ್ನಲು ಹಲ್ಲು ಕೂಡಿಸಿಕೊಂಡಿದ್ದಾರೆ. ಮೊದಲ ಸಾಲಿನಲ್ಲಿ ಅಪ್ಪನ ಕಣ್ಣು ತುಂಬಿದೆ, ತಿರುಗಿಸಲು ಇಲ್ಲಿ ನಲ್ಲಿಯಿಲ್ಲ. ಅವರು ಒರೆಸಿಕೊಳ್ಳಲೂ ಇಲ್ಲ.

ಮುಂದಿನ ಅಕ್ಷರ ಯಾವುದು ಅಂತ ನನ್ನನ್ನು ಕೇಳಬೇಡಿ. ನಾನೂ ಅಪ್ಪನ ಮುಖವನ್ನೇ ನೋಡುತ್ತಿದ್ದೇನೆ.