ಹದಿನಾರಾಣೆಗೆ ನಾಲ್ಕು ಕಡಿಮೆ

ಅರ್ಧ ಗಂಟೆಯಲ್ಲಿ ಐವತ್ತು ಲೆಕ್ಕ ಮಾಡಬೇಕು, ಮೂವತ್ತೈದಾದರೂ ಸರಿ ಇರಬೇಕು. ಗುಮಾಸ್ತರ ಪರೀಕ್ಷೆಗೆ ಈ ನಿಯಮ ಇಟ್ಟ ಪುಣ್ಯಾತ್ಮನನ್ನು ಕನಕಮ್ಮ ವಾರದಿಂದ ಬೈಯುತ್ತಲೇ ಇದ್ದಳು. ಪರೀಕ್ಷೆಗೆ ಕೂರಲಿದ್ದ ತಂಗಿ ಗೋಪಮ್ಮ ಗದ್ದೆಯಲ್ಲಿ ನಾಟಿ ಹಚ್ಚುತ್ತಲೇ ಮೆಟ್ರಿಕ್ ಪಾಸು ಮಾಡುವಷ್ಟರಲ್ಲಿ ಅವಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ. ಮಾನ್ವಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ಅಕ್ಕ ತಾನೇ ಲೆಕ್ಕ ಕಲಿಸಲು ಕುಳಿತಿದ್ದಳು.

ಅದರ ಮೇಲೆ ಅಪ್ಪನ ಕಾಟ ಬೇರೆ. ಸುಂಕಪ್ಪ ದೇವದುರ್ಗದ ಕಡೆ ಗೂಗಲ್ ಊರಿನಲ್ಲಿ ಕಂದಾಯದವರ ಕೈಕೆಳಗಿನ ವಾಲಿಕಾರನಾಗಿದ್ದವನು. ಬೆಳೆಯ ಅಂದಾಜಿಗೆ ಸಾಹೇಬರು ಬಂದಾಗಲೆಲ್ಲ ಅವರ ಹಿಂದೆ ಬದುವಿನ ಮೇಲೆ ತಿರುಗಿದ್ದ. ಆ ಅಂದಾಜೆಲ್ಲ ಆಣೆಯಲ್ಲೇ. ಪೂರಾ ಬೆಳೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ. ಓದು ಬರದಿದ್ದರೂ ಅವನಿಗೆ ಲೋಕವೆಲ್ಲ ಆಣೆಯಲ್ಲೇ ಕಾಣುತ್ತಿತ್ತು.

"ನಾನೂರಾ ಎಂಬತ್ತು ಮಕ್ಕಳು. ಶೇಕಡಾ ಮೂವತ್ತೇಳೂವರಿ ಹುಡುಗ್ಯಾರು. ಎಷ್ಟು ಮಂದಿ?" ಎಂದು ಕನಕಮ್ಮ ಕೇಳಿದಳು. ಗೋಪಮ್ಮ ಪೆನ್ಸಿಲ್ ಚೀಪಿ ಗುಣಾಕಾರಕ್ಕೆ ಕೈ ಹಾಕುವಷ್ಟರಲ್ಲಿ ಹೊರಸಿನ ಮೇಲೆ ಮಲಗಿದ್ದ ಅಪ್ಪನಿಂದ ಉತ್ತರ ಬಂತು.

"ಆರಾಣಿ ಆತಲ್ಲ. ನೂರಾ ಎಂಬತ್ತು."

ಕನಕಮ್ಮನ ಪಿತ್ತ ನೆತ್ತಿಗೇರಿತು. "ಯಪ್ಪಾ, ಆಣಿ ಹೋಗಿ ಇಪ್ಪತ್ನಾಕು ವರ್ಷ ಆತು! ಆಣಿಗೆ ಆರು ಪೈಸೆ ಹಿಡದ್ರ ಹದಿನಾರಕ್ಕ ತೊಂಬತ್ತಾರು. ನೂರಾಗಾಕ ಉಳಿದ ನಾಕು ಎಲ್ಲಿಂದ ತರ್ತಿ?"

"ಅದಕ್ಕ ನಾಕಾಣಿಗೊಮ್ಮಿ…"

"ಸುಮ್ಮನಿರ್ತಿಯೋ ಇಲ್ಲೋ? ಈಕಿ ಪರೀಕ್ಷಾದಾಗ ಆಣಿ ಬರದು ಬಂದ್ರ ಯಾರು ಕೆಲಸ ಕೊಡ್ತಾರ?"

ಉತ್ತರ ನೂರಾ ಎಂಬತ್ತೇ ಬಂತು, ಐದು ಸಾಲು ಬರೆದ ಮೇಲೆ. ಅಪ್ಪನದು ಏನೋ ಅದೃಷ್ಟ ಎಂದು ಕನಕಮ್ಮ ಅದನ್ನು ತಳ್ಳಿಹಾಕಿದಳು. ಮರುದಿನವೂ ಅಪ್ಪ ಬಾಯಿ ತೆಗೆದ, ಮಗಳು ಮುಚ್ಚಿಸಿದಳು. ಮೂರನೆಯ ದಿನ ಅವನು ಹೊರಸನ್ನೇ ಹೊರಗೆ ಬೇವಿನ ನೆರಳಿಗೆ ಎಳೆದುಕೊಂಡ. ಸದ್ಯ ಪೀಡೆ ತೊಲಗಿತು ಎಂದು ಕನಕಮ್ಮ ನಿಟ್ಟುಸಿರು ಬಿಟ್ಟಳು. "ಸಾಲು ಸಾಲಾಗಿ ಬರಿ, ಅಡ್ಡದಾರಿ ಹಿಡಿಬ್ಯಾಡ" ಎಂದು ತಂಗಿಗೆ ನೂರು ಸಲ ಹೇಳಿದಳು.

ಭಾನುವಾರ ರಾಯಚೂರಿನಲ್ಲಿ ಪರೀಕ್ಷೆ. ಮೊದಲ ಬಸ್ಸಿಗೆ ಹೋದರು. ಗಂಟೆ ಹೊಡೆದಾಗ ಗೋಪಮ್ಮ ಎಲ್ಲರಿಗಿಂತ ಹಿಂದೆ ಹೊರಗೆ ಬಂದಳು. ಮುಖ ನೋಡಿದೊಡನೆ ಕನಕಮ್ಮ ಅವಳ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡಳು.

"ಎಷ್ಟು ಮುಗಿಸಿದಿ?"

"ಇಪ್ಪತ್ತೆಂಟು. ಉಳಿದವು ಮುಟ್ಟಾಕ ಆಗಲಿಲ್ಲ ಅಕ್ಕಾ. ಕೆಲವಕ್ಕ ಅಪ್ಪನ ಹಂಗ ಉತ್ತರ ಹೊಳೀತು. ಆದ್ರ ನೀ ಬ್ಯಾಡ ಅಂದಿದ್ದಿ, ಅದಕ್ಕ ಸಾಲು ಹಾಕ್ಕೋಂತ ಕುಂತೆ."

ಮನೆಗೆ ಬಂದವಳೇ ಕನಕಮ್ಮ ಪ್ರಶ್ನೆಪತ್ರಿಕೆ ಹಿಡಿದು ಬೇವಿನ ಕೆಳಗೆ ನಿಂತಳು. ತಪ್ಪು ಅಪ್ಪನದೇ ಎಂದು ಹೇಗಾದರೂ ತೋರಿಸಬೇಕಿತ್ತು ಅವಳಿಗೆ.

"ತೋಟದಾಗ ಆರನೂರಾ ನಲವತ್ತು ಗಿಡ. ಶೇಕಡಾ ಅರವತ್ತೆರಡೂವರಿ ಮಾವು. ಹೇಳು ನೋಡೋಣ."

"ನಾನೂರು," ಎಂದ ಸುಂಕಪ್ಪ, ಕಣ್ಣು ಮಿಟುಕಿಸುವಷ್ಟರಲ್ಲಿ.

"ಹೆಂಗ?"

"ಹತ್ತಾಣಿ ಅದು. ಆಣಿಗೆ ಆರರಂಗ ಹತ್ತಕ್ಕ ಅರವತ್ತು. ನಾಕಾಣಿಗೊಮ್ಮಿ ಒಂದು ಕೂಡಿಸಬೇಕು, ಹತ್ತಕ್ಕ ಎರಡೂವರಿ. ಅರವತ್ತೆರಡೂವರಿ ಆತಿಲ್ಲೋ? ಗಿಡ ಹದಿನಾರು ಪಾಲು ಮಾಡಿದ್ರ ಪಾಲಿಗೆ ನಲವತ್ತು. ಹತ್ತು ಪಾಲಿಗೆ ನಾನೂರು."

ಕನಕಮ್ಮ ಮನಸ್ಸಿನಲ್ಲೇ ಕೂಡಿಸಿದಳು. ಹದಿನಾರಾಣೆಗೆ ತೊಂಬತ್ತಾರು, ನಾಲ್ಕಾಣೆಗೊಂದರಂತೆ ನಾಲ್ಕು ಕೂಡಿದವು, ನೂರಕ್ಕೆ ನೂರೂ ಬಂತು. ಪತ್ರಿಕೆಯ ಮೇಲೆ ಕಣ್ಣಾಡಿಸಿದಳು. ಗೋಪಮ್ಮ ಮುಟ್ಟದೆ ಬಿಟ್ಟ ಇಪ್ಪತ್ತೆರಡರಲ್ಲಿ ಒಂಬತ್ತು ಇದೇ ಜಾತಿಯವು.

"ಇಷ್ಟೆಲ್ಲ ಗೊತ್ತಿದ್ದು ಪೂರ್ತಿ ಯಾಕ ಹೇಳಲಿಲ್ಲ ಯಪ್ಪಾ?" ಎಂದು ಚೀರಿದಳು.

ಸುಂಕಪ್ಪ ಮಗಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಸುಮ್ಮನಿರು ಅಂದಿ, ಸುಮ್ಮನಾದೆ. ಟೀಚರು ನೀನು. ನಿನಗ ತಿಳಿದೇ ಇರ್ತದ ಅಂದುಕೊಂಡಿದ್ದೆ."